ನಡುವಿನ ಕಾಲು

ಇಂದ,
ಕುವಾನೊ ಶಿಗೆಹಾರು
ಹಿರಿಯ ಗುಮಾಸ್ತ, ಮೂರನೆಯ ಮಹಡಿ
ಕೊಡೆ ಕಂಪನಿ, ಗಿಫು

ಗೆ,
ಮಾನ್ಯ ನಿರ್ದೇಶಕರು
ಸಿಬ್ಬಂದಿ ವಿಭಾಗ

ವಿಷಯ: ಮೇಜಿನ ಬಳಿಗೆ ಕಾಲು ಬಾರದಿದ್ದಲ್ಲಿ, ಕಾಲಿನ ಬಳಿಗೆ ಮೇಜನ್ನು ಕಳುಹಿಸುವ ಬಗ್ಗೆ.

ಉಲ್ಲೇಖ: 1. ಮಿನೆಗಿಶಿ-ಸಾನ್ ಅವರ ವರ್ಗಾವಣೆ ಆದೇಶ. 2. ನನ್ನ ಎಡ ಮೊಣಕಾಲು.

ಮಾನ್ಯರೇ,

ಮೊಣಕಾಲಿನ ಮೇಲೆ ಮೇಜು ಹೊತ್ತುಕೊಂಡೇ ಈ ಅರಿಕೆಯನ್ನು ಬರೆದಿರುವ ಕಾರಣ ಅಕ್ಷರ ಓರೆಯಾಗಿದ್ದರೆ ಮನ್ನಿಸಬೇಕು.

1. ನಮ್ಮ ಮಹಡಿಯ ಮೇಜುಗಳು ಒಂದಕ್ಕೊಂದು ಜೋಡಿಸುವಂಥವು. ಎರಡು ಹಲಗೆಗೆ ಮೂರು ಕಾಲು. ನಡುವಿನದು ಇಬ್ಬರಿಗೂ ಆಸರೆ. ನನ್ನ ಎಡಕ್ಕೆ ಹದಿನಾಲ್ಕು ವರ್ಷ ಮಿನೆಗಿಶಿ-ಸಾನ್ ಕೂರುತ್ತಿದ್ದರು. ಆಕೆ ಸದ್ದಿಲ್ಲದೆ ನಗುವವರು. ಆದರೆ ನಕ್ಕಾಗಲೆಲ್ಲ ಆ ಕಾಲಿನ ಮೂಲಕ ನನ್ನ ಲೋಟದ ಚಹಾ ನಡುಗುತ್ತಿತ್ತು. ಹಾಗಾಗಿ ನಮ್ಮ ಮುಖ್ಯಸ್ಥ ಹಿರಾನುಮ-ಸಾನ್ ಭಾಷಣ ಮಾಡುವಾಗ ನಾನು ಚಹಾವನ್ನೇ ನೋಡುತ್ತಿದ್ದೆ.

2. ಕಳೆದ ತಿಂಗಳು ಆಕೆಯನ್ನು ಮೈಬಾರಾ ಗೋದಾಮಿಗೆ ವರ್ಗ ಮಾಡಲಾಯಿತು. ಮೇಜೂ ಜೊತೆಗೆ ಹೋಯಿತು. ನಡುವಿನ ಕಾಲಿನ ಮೇಲೆ ಆಕೆಯ ಹೆಸರಿನ ಚೀಟಿ ಇದ್ದ ಕಾರಣ, ಪೀಠೋಪಕರಣದ ಉಗಾಜಿನ್-ಸಾನ್ ಅದನ್ನೂ ಬಿಚ್ಚಿಕೊಂಡರು. ನನ್ನ ಗತಿಯೇನೆಂದು ಕೇಳಿದೆ.

"ಚೀಟಿ ಯಾರದ್ದೋ ಕಾಲು ಅವರದ್ದು. ನಿಮಗೆ ನಿಮ್ಮವೇ ಎರಡಿವೆಯಲ್ಲ," ಎಂದರು.

ಆದ್ದರಿಂದ ಆ ಎರಡರಲ್ಲಿ ಎಡಗಡೆಯದನ್ನು ಹಲಗೆಯ ಕೆಳಗೆ ಕೊಟ್ಟಿದ್ದೇನೆ.

3. ಮುಖ್ಯಸ್ಥರು ಏಳುವ ಮುನ್ನ ಮನೆಗೆ ಹೋಗುವ ರೂಢಿ ನಮ್ಮಲ್ಲಿಲ್ಲ. ನಾನಂತೂ ಅವರು ಹೋದ ಮೇಲೂ ಏಳುವುದಿಲ್ಲ. ಎಲ್ಲರೂ ಹೊರಟ ಬಳಿಕ ಮಾದರಿ ಕೊಡೆಯೊಂದನ್ನು ಹಲಗೆಗೆ ಆನಿಸಿ ಹೊರಡುತ್ತೇನೆ. ಹಗಲಲ್ಲೂ ಅದನ್ನೇ ಇಟ್ಟು ನೋಡಿದೆ. ಬರೆಯುವ ಭಾರಕ್ಕೆ ಕೊಡೆ ಬಿಚ್ಚಿಕೊಂಡಿತು. ಹೀಗೆ ಏಳದೆ ಕೂತಿರುವುದು ಕರ್ತವ್ಯಶ್ರದ್ಧೆ ಎಂದು ದಾಖಲಾಗಿದೆ.

4. ಇದಕ್ಕಿಂತ ದೊಡ್ಡ ಎಡವಟ್ಟು, ಸಹಿಗೆ ಬದಲಾಗಿ ನಾವು ಒತ್ತುವ ಹೆಸರಿನ ಮುದ್ರೆಯದು. ಕಾಗದದಲ್ಲಿ ಮುಖ್ಯಸ್ಥರ ಮುದ್ರೆ ಎಡಕ್ಕೆ. ಕೈಕೆಳಗಿನವರು ಅದರ ಬಲಕ್ಕೆ, ತಲೆಬಾಗಿದಂತೆ ತುಸು ಎಡಕ್ಕೆ ವಾಲಿಸಿ ಒತ್ತಬೇಕು. ಹತ್ತೊಂಬತ್ತು ವರ್ಷ ನಾನು ನೆಟ್ಟಗೇ ಒತ್ತಿದೆ, ಗುಮಾಸ್ತನಾಗಿಯೇ ಉಳಿದೆ. ಮಿನೆಗಿಶಿ-ಸಾನ್ ಅವರದ್ದೂ ನೆಟ್ಟಗೇ ಇರುತ್ತಿತ್ತು. ಆಕೆಯ ವರ್ಗಕ್ಕೆ ಬೇರೆ ಕಾರಣ ನನಗಂತೂ ಕಾಣದು. ಈಗ ಮೈ ಎಡಕ್ಕೆ ವಾಲಿ ಮುದ್ರೆಯೂ ವಾಲುತ್ತಿದೆ. ಮೊನ್ನೆ ಹಿರಾನುಮ-ಸಾನ್ ಕಾಗದ ಹಿಡಿದು ಬಂದು, "ಅಂತೂ ಬುದ್ಧಿ ಬಂತಲ್ಲಪ್ಪ ಕುವಾನೊ," ಎಂದು ಬೆನ್ನು ತಟ್ಟಿದರು. ಶುಕ್ರವಾರ ನನ್ನನ್ನು ಉಪಮುಖ್ಯಸ್ಥನನ್ನಾಗಿ ಮಾಡುತ್ತಾರಂತೆ. ಆ ಹುದ್ದೆಗೆ ಸ್ವಂತ ಕಾಲುಗಳುಳ್ಳ, ಯಾರಿಗೂ ತಾಗದ ಒಂಟಿ ಮೇಜು.

5. ಮಾನ್ಯರೇ, ನನಗೆ ಅದು ಬೇಡ. ನನ್ನ ಚಹಾ ಈಗಲೂ ನಡುಗುತ್ತದೆ, ಆದರೆ ಮೊಣಕಾಲಿನ ನೋವಿಗೆ. ನಿನ್ನೆ ಮೈಬಾರಾಕ್ಕೆ ಫೋನು ಮಾಡಿ ಕಾಲಿನ ಯೋಗಕ್ಷೇಮ ವಿಚಾರಿಸಿದೆ.

"ಅದರ ಬಲಗಡೆ ಖಾಲಿ ಇದೆ, ಕುವಾನೊ-ಸಾನ್. ಯಾರನ್ನೂ ಕೂರಿಸೋಕೆ ಬಿಟ್ಟಿಲ್ಲ," ಎಂದರು ಮಿನೆಗಿಶಿ-ಸಾನ್.

ನನಗೆ ಬಹಳ ಸಂತೋಷವಾಯಿತು. ಇದನ್ನು ಅರ್ಜಿಯಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು.

ಆದ್ದರಿಂದ ಶುಕ್ರವಾರದೊಳಗೆ ಬಡ್ತಿಯನ್ನು ರದ್ದುಪಡಿಸಿ, ನನ್ನನ್ನೂ ನನ್ನ ಹಲಗೆಯನ್ನೂ ಮೈಬಾರಾ ಗೋದಾಮಿಗೆ ವರ್ಗಾಯಿಸಬೇಕಾಗಿ ಕೋರುತ್ತೇನೆ. ಅಲ್ಲಿಗೆ ಯಾರೂ ಈವರೆಗೆ ಕೇಳಿಕೊಂಡು ಹೋಗಿಲ್ಲವೆಂದು ಬಲ್ಲೆ.

ಒಂಟಿಕಾಲ ಮೇಜಿನ ತಮ್ಮ ವಿಶ್ವಾಸಿ,
ಕುವಾನೊ (ಮುದ್ರೆ)

ಲಗತ್ತು: ಮೊಣಕಾಲಿನ ಬಗ್ಗೆ ವೈದ್ಯರ ಪತ್ರ, ಬಿಚ್ಚಿಕೊಂಡ ಕೊಡೆ, ಒಂದು.

ವಿ.ಸೂ.: ಮೇಲಿನ ಮುದ್ರೆ ನೆಟ್ಟಗಿದೆ. ಅದಕ್ಕಾಗಿ ನಾನು ಎದ್ದು ನಿಲ್ಲಬೇಕಾಯಿತು. ಹಲಗೆ ಬಿದ್ದ ಸದ್ದು ತಮ್ಮ ಮಹಡಿಗೂ ಕೇಳಿಸಿರಬಹುದು. ದಯವಿಟ್ಟು ಅದನ್ನೂ ಈ ಅರ್ಜಿಯ ಭಾಗವೆಂದೇ ಪರಿಗಣಿಸಬೇಕು.