ಹಿರಿಯನ ಹೊಲ ಮೊದಲು

ಅಣ್ಣನಾಗಿ ಹುಟ್ಟುವುದರಲ್ಲಿ ಏನೋ ದೊಡ್ಡ ಲಾಭವಿದೆ ಎಂದು ನಂಬಿದವರು ಲೋಕದಲ್ಲಿ ತಮ್ಮಂದಿರು ಮಾತ್ರ. ಬೇಕಾದರೆ ಕ್ರೈಸ್ತರ ಧರ್ಮಗ್ರಂಥವನ್ನೇ ನೋಡಿ. ಭೂಮಿಯ ಮೇಲೆ ಇದ್ದದ್ದೇ ಒಂದು ಮನೆ, ಆ ಮನೆಗೆ ಇಬ್ಬರು ಮಕ್ಕಳು. ಜಾಗಕ್ಕೇನು ಕೊರತೆಯಿರಲಿಲ್ಲ, ಇಡೀ ಲೋಕವೇ ಖಾಲಿ. ಆದರೂ ಅಣ್ಣನಿಗೆ ತಮ್ಮನನ್ನು ಕಂಡರೆ ಆಗಲಿಲ್ಲ. ಅಣ್ಣ ರೈತ, ತಮ್ಮ ಕುರಿಗಾರ. ದೇವರು ತಮ್ಮನ ಕುರಿಯನ್ನು ಒಪ್ಪಿಕೊಂಡ, ಅಣ್ಣನ ಬೆಳೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮುಂದಿನದು ಕೊಲೆ. ಅದೇ ಗ್ರಂಥದಲ್ಲಿ ಇನ್ನೊಬ್ಬ ಅಣ್ಣ ಹಸಿವು ತಾಳಲಾರದೆ ಒಂದು ಬಟ್ಟಲು ಬೇಳೆಗೆ ತನ್ನ ಹಿರಿತನವನ್ನೇ ತಮ್ಮನಿಗೆ ಬಿಟ್ಟುಕೊಟ್ಟ. ಮತ್ತೊಬ್ಬ ಅಪ್ಪನ ಹೊಲದಲ್ಲಿ ವರ್ಷಗಟ್ಟಲೆ ದುಡಿದ. ಆಸ್ತಿ ಹಾಳು ಮಾಡಿ ಬರಿಗೈಯಲ್ಲಿ ಬಂದ ತಮ್ಮನಿಗೆ ಮನೆಯಲ್ಲಿ ಔತಣ ನಡೆದರೆ ಇವನು ಮುಖ ಊದಿಸಿಕೊಂಡು ಹೊರಗೆ ನಿಂತ. ಕೇಳಿದವರೆಲ್ಲ ತಮ್ಮನಿಗಾಗಿ ಕಣ್ಣೀರು ಹಾಕುತ್ತಾರೆ. ನಾನು ಮಾತ್ರ ಹೊರಗೆ ನಿಂತವನ ಕಡೆ. ನಮ್ಮ ಪುರಾಣಗಳೇನು ಕಡಿಮೆ ಅಂತೀರಾ? ದಾಯಾದಿ ಎಂಬ ಒಂದು ಮಾತು ಸಾಕು, ಅರ್ಧ ಪುರಾಣ ಹೇಳಿ ಮುಗಿಸಿದಂತೆ.

ಈ ಕಥೆಗಳೆಲ್ಲ ನನಗೆ ಗೊತ್ತಾದದ್ದು ಆಂಧ್ರದ ಆದೋನಿಯ ಒಂದು ಮಿಷನ್ ಹಾಸ್ಟೆಲಿನಲ್ಲಿ. ಆಲೂರಿನ ಕಡೆಯ ಹಳ್ಳಿಯ ಕುರುಬರ ಹುಡುಗ ನಾನು. ಸಂಜೆ ಊಟದ ಗಂಟೆಗೆ ಮುಂಚೆ ಸಾಮ್ಯುಯೇಲ್ ಮೇಷ್ಟ್ರು ಬೇವಿನ ಮರದ ಕೆಳಗೆ ನಮ್ಮನ್ನು ಕೂಡಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಅಡಿಗೆಮನೆಯಿಂದ ಹುಳಿ ಸಾರಿನ ವಾಸನೆ ಬರುತ್ತಿತ್ತು. ಮೊದಲ ಅಣ್ಣತಮ್ಮಂದಿರ ಕಥೆ ಬಂದ ದಿನ ನಾವು ಎರಡು ಪಂಗಡವಾದೆವು. ರೈತರ ಹುಡುಗರು ಅಣ್ಣನ ಕಡೆ, ಕುರಿಯವರ ಹುಡುಗರು ತಮ್ಮನ ಕಡೆ. ನಾನು ಕುರಿಯವರ ಮನೆಯ ಅಣ್ಣ, ಎತ್ತ ಹೋಗಬೇಕು? ಎದ್ದು ನಿಂತು, ದೇವರಿಗೆ ಕಾಳು ಯಾಕೆ ಬೇಡವಾಯಿತು ಎಂದು ಕೇಳಿದೆ. ಮೇಷ್ಟ್ರು ಕನ್ನಡಕ ತೆಗೆದು, “ಅದಿ ಕಾದುರಾ ಪ್ರಶ್ನ”, ಅದಲ್ಲ ಕಣೋ ಪ್ರಶ್ನೆ, ಎಂದರು. ನಿನ್ನ ತಮ್ಮನೆಲ್ಲಿ ಎಂದು ದೇವರು ಅಣ್ಣನನ್ನು ಕೇಳಿದನಲ್ಲ, ಅದೊಂದೇ ಪ್ರಶ್ನೆ, ಅವನನ್ನು ಕಾಯುವವನು ನಾನಾ ಎಂದು ಅಣ್ಣ ತಿರುಗಿ ಕೇಳಿದನಲ್ಲ, ಅಲ್ಲೇ ಅವನು ಕೆಟ್ಟ ಎಂದು ವಿವರಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಕಾಳಿನ ಪ್ರಶ್ನೆ ಈಗಲೂ ಬಾಕಿ ಇದೆ.

ಯಾಕೆಂದರೆ ನಮ್ಮ ಮನೆಯಲ್ಲೂ ಅದೇ ಆಗುತ್ತಿತ್ತು. ಅವ್ವ ರೊಟ್ಟಿಯ ಮೇಲೆ ಬೆಣ್ಣೆ ಇಡುವಾಗ ನನ್ನ ತಮ್ಮ ಬೀರಪ್ಪನ ಉಂಡೆ ನನ್ನದಕ್ಕಿಂತ ದೊಡ್ಡದಿರುತ್ತಿತ್ತು. ಕೇಳಿದರೆ ಅವನು ಕುರಿ ಹಿಂದೆ ಬಿಸಿಲಲ್ಲಿ ತಿರುಗುತ್ತಾನೆ ಅನ್ನುತ್ತಿದ್ದಳು. ರಜೆಗೆ ಬಂದ ನಾನು ಪುಸ್ತಕದ ಹಿಂದೆ ತಿರುಗುತ್ತಿದ್ದುದು ಆಕೆಯ ಲೆಕ್ಕಕ್ಕೆ ಬರಲಿಲ್ಲ. ಆ ಬೆಣ್ಣೆಯ ಉಂಡೆ ಇಂದಿಗೂ ನನ್ನ ಕಣ್ಣ ಮುಂದಿದೆ, ಕರಗಿಲ್ಲ.

ಅಣ್ಣನಾದದ್ದಕ್ಕೆ ನನಗೆ ಸಿಕ್ಕಿದ ಮರ್ಯಾದೆ ಒಂದೇ ಒಂದು. ನಮ್ಮ ಕಡೆ ಬೇಸಿಗೆಯಲ್ಲಿ ಹೊಲ ಖಾಲಿ ಇರುವಾಗ ರಾತ್ರಿ ಕುರಿ ಹಿಂಡನ್ನು ಹೊಲದಲ್ಲಿ ಕೂಡಿಸುತ್ತಾರೆ. ಸುತ್ತ ಗೂಟ ನೆಟ್ಟು ಬಲೆ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಅಷ್ಟು ನೆಲಕ್ಕೆ ಗೊಬ್ಬರ ಬಿದ್ದಿರುತ್ತದೆ. ಮರುದಿನ ಬಲೆ ಮುಂದಕ್ಕೆ ಸರಿಸಬೇಕು. ರೈತನೇ ಕುರಿಗಾರನನ್ನು ಕರೆದು ಊಟ ಹಾಕಿ ಕೂಡಿಸಿಕೊಳ್ಳುತ್ತಾನೆ. ಆ ಮೊದಲ ಅಣ್ಣತಮ್ಮಂದಿರಿಗೆ ಈ ಪದ್ಧತಿ ಗೊತ್ತಿದ್ದರೆ ಲೋಕದ ಕಥೆಯೇ ಬೇರೆಯಾಗುತ್ತಿತ್ತು. ಅಪ್ಪ ಹೊಲ ಪಾಲು ಮಾಡಿದಾಗ, ಮನೆಯ ಕುರಿ ಪ್ರತಿ ವರ್ಷ ಹಿರಿಯನ ಹೊಲದಲ್ಲಿ ಮೊದಲು ಕೂಡಬೇಕು ಎಂದು ಹೇಳಿಹೋದ. ನಾನು ಆದೋನಿಯಲ್ಲಿ ಸರ್ಕಾರಿ ಗುಮಾಸ್ತ. ನನ್ನ ಹೊಲವನ್ನೂ ಬೀರಪ್ಪನೇ ಮಾಡುತ್ತಾನೆ, ಕಾಳು ಮನೆಗೆ ತಂದು ಹಾಕುತ್ತಾನೆ. ದುಡಿಯುವವನು ಅವನು, ಹೊಟ್ಟೆ ಉರಿಸಿಕೊಳ್ಳುವವನು ನಾನು. ಕೆಲಸ ಹೀಗೆ ಹಂಚಿಕೊಂಡು ಇಷ್ಟು ವರ್ಷ ಸುಖವಾಗಿಯೇ ಇದ್ದೆವು.

ಈ ಬೇಸಿಗೆಯಲ್ಲಿ ನಮ್ಮೂರಿನವನೊಬ್ಬ ಚಹಾದಂಗಡಿಯಲ್ಲಿ ಸಿಕ್ಕು, ಬೀರಪ್ಪನ ಕುರಿ ಅವನ ಸ್ವಂತ ಹೊಲದಲ್ಲೇ ಕೂಡುತ್ತಿವೆ ಎಂದು ಹೇಳಿದ. ನನಗೆ ಚಹಾ ಕಹಿಯಾಯಿತು. ಭಾನುವಾರ ಬೆಳಿಗ್ಗೆ, ಎಲ್ಲಿಗೆ ಎಂದು ಕೇಳಿದ ಹೆಂಡತಿಗೂ ಸರಿಯಾಗಿ ಹೇಳದೆ, ಆಲೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿದೆ. ನಿನಗೆ ಗೊಬ್ಬರ ಬೇಕಾದರೆ ತಗೋ, ಆದರೆ ಅಪ್ಪನ ಮಾತು ಮುರಿಯಬೇಡ, ಇತ್ಯಾದಿ. ಕೊನೆಗೆ ಕಣ್ಣೀರು ಬರುವಂಥ ಒಂದು ವಾಕ್ಯವನ್ನೂ ಇಟ್ಟುಕೊಂಡಿದ್ದೆ. ಎದುರಿನಿಂದ ಆದೋನಿಗೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಹಾದುಹೋಯಿತು. ಅದರೊಳಗೆ ಯಾರಿದ್ದಾರೆಂದು ನಾನು ನೋಡಲಿಲ್ಲ.

ಮನೆಗೆ ಹೋದರೆ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, “ನೀ ಒಬ್ಬನಾ ಬಂದಿ. ತಮ್ಮ ಎಲ್ಲ್ಯಾನಪ್ಪ?” ಎಂದು ಕೇಳಿದಳು.

“ನನಗೇನು ಗೊತ್ತವ್ವ? ನಾನೇನು ಅವನ್ನ ಕಾಯ್ಕೊಂಡು ಕುಂತೀನೇನು?” ಅಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸಾಮ್ಯುಯೇಲ್ ಮೇಷ್ಟ್ರು ಕನ್ನಡಕ ತೆಗೆದದ್ದು ಕಂಡಂತಾಯಿತು. ಅವ್ವ ನಿಧಾನವಾಗಿ ಹೇಳಿದಳು. ಬೀರಪ್ಪನಿಗೆ ವಾರದಿಂದ ಜ್ವರ. ಅಣ್ಣನಿಗೆ ಆಫೀಸಿರುತ್ತದೆ, ಹೇಳಬೇಡ ಎಂದಿದ್ದನಂತೆ. ಬೆಳಿಗ್ಗೆ ಎದ್ದು ನಿಲ್ಲಲಾರದೆ ಹೋದಾಗ ಅವ್ವನೇ ಬಸ್ಸು ಹತ್ತಿಸಿ ನನ್ನ ಮನೆಗೆ ಕಳಿಸಿದ್ದಳು; ನಾನೇ ಅವನನ್ನು ತಿರುಗಿ ಕರೆತಂದೆನೆಂದುಕೊಂಡಿದ್ದಳು. ಹೆಂಡತಿಗೆ ಫೋನು ಮಾಡಿದೆ. ಆಕೆ ಆಗಲೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಗ್ಲೂಕೋಸು ಹಾಕಿದ್ದಾರೆ, ಭಯವಿಲ್ಲ, ಇವತ್ತು ನಮ್ಮಲ್ಲೇ ಮಲಗಲಿ ಅಂದಳು. ಒಂದು ಕ್ಷಣ ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನಿಗೆ ಏನಾದರೂ ಆಗಿದ್ದರೆ?

ಸಂಜೆ ಬೀರಪ್ಪನ ಹೆಂಡತಿ ಈರಮ್ಮ ಕುರಿ ಹೊಡೆದುಕೊಂಡು ಬಂದಳು. ನನ್ನ ಹೊಲ ದೂರ. ಜ್ವರದಲ್ಲಿ ಅಷ್ಟು ದೂರ ನಡೆಯಲಾರದೆ ಅವನು ಮನೆಯ ಹತ್ತಿರದ ತನ್ನ ಹೊಲದಲ್ಲಿ ಕೂಡಿಸಿದ್ದ ಎಂದು ಆಕೆ ಹೇಳಿದಾಗಲೇ ನನಗೆ ತಿಳಿದದ್ದು. “ನಿನ್ನೆ ಜ್ವರದಾಗನಾ ಹೋಗಿ ನಿಮ್ಮ ಹೊಲ್ದಾಗ ಬಲಿ ಕಟ್ಟಿ ಬಂದಾರ್ರಿ ಭಾವಾರ. ಇವತ್ತಿಂದ ಅಲ್ಲೇ ಕೂಡಸ್ಬೇಕಂತ” ಅಂದಳು.

ಇಲ್ಲಿ ಒಬ್ಬ ಸಾಧಾರಣ ಮನುಷ್ಯನಾಗಿದ್ದರೆ ಸಂತೋಷಪಟ್ಟು ಕುರಿಗಳನ್ನು ಅಲ್ಲಿಗೆ ಹೊಡೆಯುತ್ತಿದ್ದ. ನನಗೆ ಹೊಸದೊಂದು ಉರಿ ಹತ್ತಿತು. ಬೆಣ್ಣೆಯಲ್ಲಿ ಮುಂದೆ ಹೋದ, ಹೋಗಲಿ. ಒಳ್ಳೆಯತನದಲ್ಲೂ ಮುಂದೆ ಹೋಗುವುದೇ? ಇವತ್ತು ಕುರಿ ಬೀರಪ್ಪನ ಹೊಲದಲ್ಲೇ ಕೂಡಬೇಕು ಎಂದು ಅಪ್ಪಣೆ ಕೊಟ್ಟೆ. ಈರಮ್ಮ ಏನೋ ಹೇಳಬಂದಳು. ತ್ಯಾಗದ ಬಗ್ಗೆ ಎರಡು ಮಾತು ಹೇಳಿ ಆಕೆಯ ಬಾಯಿ ಮುಚ್ಚಿಸಿದೆ. ನನ್ನ ಹೊಲದ ಗೂಟ ನಾನೇ ಕಿತ್ತೆ, ಬಲೆ ನಾನೇ ಹೊತ್ತೆ. ಪ್ಯಾಂಟಿನ ತುಂಬ ಮುಳ್ಳು, ಅಂಗೈಯಲ್ಲಿ ಬೊಬ್ಬೆ. ಕುರಿಗಳು ನನ್ನ ಒಂದು ಮಾತನ್ನೂ ಕೇಳಲಿಲ್ಲ, ಈರಮ್ಮ ನಾಲಿಗೆ ತಿರುಗಿಸಿ ಒಂದು ಸದ್ದು ಮಾಡಿದರೆ ಸಾಲಾಗಿ ಒಳಗೆ ಹೋದವು. ಆದರೂ ಆ ಮಟ್ಟಿನ ಪುಣ್ಯಾತ್ಮ ಆಲೂರಿನ ಸುತ್ತಮುತ್ತ ಇನ್ನೊಬ್ಬನಿಲ್ಲ ಎಂದುಕೊಂಡು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಬೀರಪ್ಪ ಬಂದ. ನನ್ನ ಹೆಂಡತಿ ಬೇಡವೆಂದರೂ ನಿಲ್ಲಲಿಲ್ಲವಂತೆ. ಬದುವಿನ ಮೇಲೆ ನಿಂತು ನಾನು ಮಾಡಿದ್ದನ್ನು ನೋಡಿದ. ಹೊಗಳಿಕೆಗೆ ನಾನು ಮುಖ ಸಿದ್ಧಮಾಡಿಕೊಂಡೆ.

“ಇದೇನು ಮಾಡೀದಿ ಅಣ್ಣ? ಇಲ್ಲಿ ಕುರಿ ಕೂಡ್ಸೋದು ಮುಗದಿತ್ತು. ಅದಾ ಜಾಗದಾಗ ಮತ್ತ ಕೂಡ್ಸಿದ್ರ ಗೊಬ್ಬರ ಹೆಚ್ಚಾಗಿ ಪೈರು ಸುಡತೈತಿ. ಓದಿದೋನಿಗೆ ಇಷ್ಟೂ ಗೊತ್ತಾಗಲ್ಲೇನು?”

ಈರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ಅತ್ತ ತಿರುಗಿದಳು. ಬೀರಪ್ಪ ಸೋತವನಂತೆ ಬದುವಿನ ಮೇಲೆ ಕೂತ, ನಾನೂ ಪಕ್ಕಕ್ಕೆ ಕೂತೆ. ಬಿಸಿಲು ಇನ್ನೂ ಎಳೆಯದಿತ್ತು. ಕುರಿಗಳು ಮೈ ಕೊಡವಿ ಏಳುತ್ತಿದ್ದವು, ಚಿಕ್ಕಂದಿನಲ್ಲಿ ಮೂಗಿಗೆ ಅಡರುತ್ತಿದ್ದ ಅದೇ ಉಣ್ಣೆಯ ವಾಸನೆ. ಅವನೇ ಮಾತು ತೆಗೆದ, ನನ್ನ ಕಡೆ ನೋಡದೆ.

“ನೀ ಆದೋನಿಗೆ ಓದಾಕ ಹೋದಾಗ ನಿನ್ನ ಟ್ರಂಕು ಬಸ್ಸಿನ ತನಕ ನಾನಾ ಹೊತ್ಕೊಂಡು ಬಂದಿದ್ದೆ. ಬಸ್ಸು ಕೆಟ್ಟು ನಿಲ್ಲಲಿ ಅಂತ ದೇವ್ರಿಗೆ ಬೇಡ್ಕೊಂಡಿದ್ದೆ ಅಣ್ಣ. ನಿನ್ನ ಮ್ಯಾಲ ಅಷ್ಟು ಹೊಟ್ಟಿಕಿಚ್ಚು ನನಗ.”

ಬೆಣ್ಣೆ ಅಳೆಯುತ್ತ ಕೂತ ನನಗೆ, ಸ್ಕೂಲು ನನಗೆ ಸಿಕ್ಕು ಕುರಿ ಅವನಿಗೆ ಸಿಕ್ಕಿತೆಂಬುದು ಇಷ್ಟು ವರ್ಷ ಒಮ್ಮೆಯೂ ಹೊಳೆದಿರಲಿಲ್ಲ. ತುಂಬ ಸಂಕಟವಾಯಿತು.

ನಿಜ ಹೇಳಬೇಕೆಂದರೆ, ಆ ಬಸ್ಸಿನ ಕಿಟಕಿಯಲ್ಲಿ ಕೂತು ನಾನೂ ಅದನ್ನೇ ಬೇಡಿಕೊಂಡಿದ್ದೆ. ಹಾಸ್ಟೆಲ್ ಬೇಡ, ಬಸ್ಸು ಕೆಡಲಿ, ಬೀರಪ್ಪನ ಜೊತೆ ಕುರಿ ಹಿಂದೆ ಹೋಗುತ್ತೇನೆ ಎಂದು ಅಳುತ್ತಿದ್ದೆ. ಇದನ್ನು ಹೇಳಿದರೆ ಅವನ ಮನಸ್ಸು ಹಗುರವಾದೀತೆಂದು ಬಾಯಿ ತೆರೆದೆ. ತೆರೆದು, ಮುಚ್ಚಿದೆ. ಹುಟ್ಟಿದಾಗಿನಿಂದ ಹೊಟ್ಟೆಕಿಚ್ಚೆಲ್ಲ ನಾನೊಬ್ಬನೇ ಪಟ್ಟವನು; ನನ್ನ ಮೇಲೂ ಒಬ್ಬ ಪಟ್ಟಿದ್ದಾನೆಂದು ಮೊದಲ ಸಲ ತಿಳಿದ ದಿನವೇ ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.