ನಾನು ಶಾಂತಮೂರ್ತಿಯಾದದ್ದು

ಪರೀಕ್ಷೆಗೆ ನನ್ನನ್ನು ಕರೆದದ್ದೇ ಮೊದಲ ಅವಮಾನ. ಮದುವೆಯಾಗಿ ಇಷ್ಟು ವರ್ಷವಾದರೂ ನಮಗೆ ಮಕ್ಕಳಿಲ್ಲ. ಅದಕ್ಕಾಗಿ ನನ್ನ ಹೆಂಡತಿ ದಾಕ್ಷಾಯಿಣಿ ಚುಚ್ಚಿಸಿಕೊಳ್ಳದ ಸೂಜಿಯಿಲ್ಲ, ಕುಡಿಯದ ಕಷಾಯವಿಲ್ಲ. ಅವಳಲ್ಲಿ ದೋಷವೇ ಇಲ್ಲವೆಂದು ಗೊತ್ತಾದ ಮೇಲೆ ದಾವಣಗೆರೆಯ ಡಾಕ್ಟರು ನನ್ನ ಕಡೆ ತಿರುಗಿದರು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಮಹಾಪುರುಷನಾದ ನಾನು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ಲ್ಯಾಬಿನ ಬಚ್ಚಲಿಗೆ ಹೋಗಿಬಂದೆ. (ವಿವರ ಕೇಳಬೇಡಿ.)

ಆದರೂ ಸಿಟ್ಟು ಬರಲಿಲ್ಲ ನೋಡಿ! ಹಿಂದೆಯಾಗಿದ್ದರೆ ಆ ಡಬ್ಬಿ ಬೀದಿಗೆ ಬೀಳುತ್ತಿತ್ತು. ಆಗ ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಅಂಗಳಕ್ಕೆ ಹಾರುತ್ತಿತ್ತು; ಇಲ್ಲವೇ ಗೋಡೆ ಕಡೆ ಮುಖ ಮಾಡಿ ದಿನಗಟ್ಟಲೆ ಮಲಗಿಬಿಡುತ್ತಿದ್ದೆ. ಒಬ್ಬ ಡಾಕ್ಟರು ಇದು ಖಿನ್ನತೆ ಎಂದು ಮಾತ್ರೆ ಕೊಟ್ಟಿದ್ದರು. "ನಾನೇನು ಹುಚ್ಚನಾ?" ಎಂದು ಮಿಲ್ಲಿನ ಶೇಂಗಾ ಸಿಪ್ಪೆಯ ರಾಶಿಗೆ ಎಸೆದಿದ್ದೆ. ಆಮೇಲೆ ತಪ್ಪದೆ ಲಿಂಗಪೂಜೆ ಹಿಡಿದು ಶಾಂತಮೂರ್ತಿಯಾದೆ. ಎಣ್ಣೆ ಕೊಳ್ಳಲು ಬಂದವರಿಗೆಲ್ಲ ಕೋಪ ಗೆಲ್ಲುವ ಬಗೆಯನ್ನು ಉಪದೇಶಿಸುತ್ತಿದ್ದೆ.

ಡಾಕ್ಟರು ರಿಪೋರ್ಟು ನೋಡಿದರು. "ವೀರ್ಯಾಣು ಬೇಕಾದಷ್ಟಿವೆ, ಮುರುಗೇಂದ್ರಪ್ಪನವರೇ. ಆದ್ರೆ ಓಡ್ತಿಲ್ಲ. ಬಹಳಷ್ಟು ಸುಮ್ನೆ ಕೂತಿವೆ."

"ಕೂತಿವೆಯಾ!"

"ಮನಸ್ಸಿಗೆ ಅಂತ ಮಾತ್ರೆ ಏನಾದ್ರೂ ತಗೊಳ್ತಿದೀರಾ? ಕೆಲವರಿಗೆ ಅದರಿಂದ ಹೀಗಾಗುತ್ತೆ."

"ನಾನಾ? ಒಂದು ಮಾತ್ರೆನೂ ಮುಟ್ಟಿಲ್ಲ ಸಾರ್!" ಎಂದು ಎದೆ ತಟ್ಟಿಕೊಂಡೆ.

ಪಕ್ಕದಲ್ಲಿದ್ದ ದಾಕ್ಷಾಯಿಣಿ ಮೆಲ್ಲಗೆ ಕೆಮ್ಮಿದಳು. "ಮುಟ್ಟಿಲ್ಲ ಸಾರ್. ನುಂಗ್ಯಾರೆ."

ಅಲ್ಲೇ ಎಲ್ಲ ಬಾಯಿಬಿಟ್ಟಳು. ಸಿಪ್ಪೆಯ ರಾಶಿಯಿಂದ ಮಾತ್ರೆ ಆರಿಸಿಕೊಂಡು ಹೋದವಳು ಇವಳೇ! ಅವು ಮುಗಿದ ಮೇಲೆ, ಮೊಳಕಾಲ್ಮೂರಿನಲ್ಲಿ ಔಷಧಿ ಅಂಗಡಿ ಇಟ್ಟಿರುವ ಇವಳಣ್ಣ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದನಂತೆ. ದಿನಾ ನಾನು ಊಟಕ್ಕೆ ಕೂತಾಗ ಮುದ್ದೆಯ ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ ತಾನೇ ನನ್ನ ಬಾಯಿಗಿಡುತ್ತಿದ್ದಳು. ಪ್ರೀತಿ ಎಂದುಕೊಂಡಿದ್ದೆ! ನಮ್ಮ ಕಡೆ ಮುದ್ದೆ ಅಗಿಯುವವನನ್ನು ಕಂಡರೆ ಮಕ್ಕಳೂ ನಗುತ್ತವೆ. ನಾನು ಒಳಗಿನ ಮಾತ್ರೆ ಸಮೇತ ಗುಳುಂ ಎನಿಸುತ್ತಿದ್ದೆ.

"ಕಟ್ಟಿಕೊಂಡ ಗಂಡನಿಗೇ ಮದ್ದು ಹಾಕ್ತೀಯಾ?"

"ಡಾಕ್ಟ್ರು ನಿಮಗೇ ಕೊಟ್ಟಿದ್ದು ಕಣ್ರೀ. ನೀವು ಗೋಡೆ ನೋಡ್ಕೊಂಡು ಮಲಗಿದ್ರೆ ನಂಗೆ ಜೀವ ಹೋದಂಗಾಗ್ತಿತ್ತು." ಅವಳ ಕಣ್ಣು ತುಂಬಿತು. "ಮಗೂಗೆ ನಾನೇ ಅಡ್ಡ ಬರ್ತಿದೀನಿ ಅಂತ ನಂಗೇನು ಗೊತ್ತಿತ್ತು?"

ನನಗೆ ಒಳಗೊಳಗೇ ಕರುಳು ಚುರುಕ್ಕೆಂದಿತು. (ಹೊರಗೆ ತೋರಿಸಲಿಲ್ಲ.) ಡಾಕ್ಟರು ಅವಳನ್ನು ಚೆನ್ನಾಗಿ ಬೈದರು, ಮಾತ್ರೆ ಕೊಟ್ಟ ಡಾಕ್ಟರನ್ನು ಕೇಳಿಯೇ ನಿಧಾನವಾಗಿ ಬಿಡಬೇಕು, ಕೆಲವು ತಿಂಗಳಲ್ಲಿ ಸರಿಹೋಗಬಹುದು ಎಂದರು.

ನ್ಯಾಯ ಹೇಳಲು ಮನೆಯಲ್ಲಿ ಅವ್ವ ಇದ್ದಾಳಲ್ಲ! ಮೊಮ್ಮಗನಿಗಾಗಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತವಳು. ಹೋದವನೇ ಸೊಸೆಯ ಘೋರ ಅಪರಾಧವನ್ನು ಬೀದಿಗೆ ಕೇಳುವಂತೆ ಸಾರಿದೆ. "ಇವತ್ತಿಂದ್ಲೇ ಮಾತ್ರೆ ಬಂದ್!" ಎಂದು ಆರ್ಭಟಿಸಿದೆ.

ಅವ್ವ ಗಾಬರಿಯಿಂದ ಎದ್ದು ಹೋಗಿ ಸೊಸೆಯ ಕೈ ಹಿಡಿದುಕೊಂಡಳು.

"ಬ್ಯಾಡ ಕಣೇ ನಮ್ಮವ್ವ, ನಿಲ್ಲಿಸಬ್ಯಾಡ. ಮೊಮ್ಮಗ ನಿಧಾನಕ್ಕೆ ಬರ್ಲಿ. ಈಗೀಗ ಮನೆ ಮನೆಯಂಗೈತೆ. ಆ ಮಾತ್ರೆ ನನ್ನ ಕಾಲದಾಗೆ ಸಿಕ್ಕಿದ್ರೆ ಇವನಪ್ಪಂಗೆ ನಾನೇ ದಿನಾ ನುಂಗಿಸ್ತಿದ್ದೆ. ಇವನು ಹುಟ್ಟದಿದ್ರೂ ಚಿಂತೆ ಇರ್ಲಿಲ್ಲ!"