ಮುನ್ನೀಗಾಗಿ ಕಾಯುತ್ತಿದೆ

ಚನ್ನಪಟ್ಟಣದಲ್ಲಿ ತಾಜ್ ಪಾಷಾರ ಬೊಂಬೆ ಕಾರ್ಖಾನೆಯ ಮೇಲೊಂದು ಸಣ್ಣ ಆಫೀಸು. ಅಲ್ಲಿ ಯೋಗಾನಂದನ ಕಂಪ್ಯೂಟರು ಬೆಳಿಗ್ಗೆ ಒಂಬತ್ತರಿಂದ ಒಂದೇ ಸಾಲು ಹಿಡಿದು ಕೂತಿತ್ತು: "ಮುನ್ನೀಗಾಗಿ ಕಾಯುತ್ತಿದೆ."

ಬೊಂಬೆ ಮಾರುವ ಆ್ಯಪ್ ಹನ್ನೆರಡರೊಳಗೆ ಸಿದ್ಧವಾದರೆ ಅವನ ಕೆಲಸ ಖಾಯಂ, ಇಲ್ಲವಾದರೆ ಮನೆ. ಆಫೀಸಿನ ಯಜಮಾನಿ ಮಮತಾ ಮೇಡಂ ನಗುತ್ತಲೇ ಹೇಳಿದ್ದರು, ಆದರೂ ಹೇಳಿದ್ದರು.

ಯಾವ ಕೆಲಸ ಯಾವುದಕ್ಕೆ ಕಾಯುತ್ತದೆಂದು ತೋರಿಸುವ ಪಟ್ಟಿ ತೆರೆದ. ಆ್ಯಪಿಗೆ ಮುಂಚೆ ಪರೀಕ್ಷೆ, ಪರೀಕ್ಷೆಗೆ ಮುಂಚೆ ಚಿತ್ರಗಳು, ಚಿತ್ರಗಳಿಗೆ ಮುಂಚೆ ಮುನ್ನೀ. ಮದುವೆ ಊಟ ಯಾಕೆ ತಡವೆಂದು ಹುಡುಕುತ್ತ ಹೋದರೆ, ಕೊನೆಗೆ ಉಪ್ಪು ತರಲು ಹೋದವನೇ ನಾಪತ್ತೆಯಾದ ಹಾಗಿತ್ತು.

"ಸುಹೇಲ್, ಈ ಮುನ್ನೀ ಏನ್ಲಾ?" ಎಂದು ಎದುರು ಮೇಜಿನ ಗೆಳೆಯನನ್ನು ಕೇಳಿದ.

"ಕೆಲ್ಸ ಬಿಟ್ಟೋದ ಶಾಹಬಾಜ್ ಬರ್ದಿದ್ದು. ಹಳೇ ಲವ್ವಿರ್ಬೇಕು ಕಣ್ಲಾ!"

"ಕಿತ್ತಾಕ್ಬುಡಿ ಅತ್ಲಾಗೆ," ಎಂದಳು ಪಕ್ಕದ ಮೇಜಿನ ರಮ್ಯಾ.

ಕಿತ್ತ. ಆ್ಯಪಿನಲ್ಲಿ ಬೊಂಬೆಗಳೆಲ್ಲ ಮಾಯವಾಗಿ ಬರೀ ಖಾಲಿ ಚೌಕಗಳು ಉಳಿದವು. ಗಾಬರಿಯಿಂದ ವಾಪಸು ಹಾಕಿ, ಮುನ್ನೀಯೊಳಗೇ ಇಣುಕಿದ. ಕೆಳಗಿನ ಕೋಣೆಯ ಕಂಪ್ಯೂಟರು ಎದ್ದಿದೆಯೇ ಎಂದು ಕೇಳುವುದಷ್ಟೇ ಅದರ ಕೆಲಸ. ಚಿತ್ರಗಳಿದ್ದದ್ದು ಅಲ್ಲಿ. ಕೆಳಗಿಳಿದು ನೋಡಿದರೆ ಕೋಣೆಗೆ ಬೀಗ.

"ಬೀಗದ ಕೈ ಖಾಲಾ ಹತ್ರ ಐತೆ," ಎಂದರು ಪಾಷಾ. "ದಿನಾ ಕಸ ಗುಡಿಸಿ ಸ್ವಿಚ್ ಹಾಕೋದು ಅವರೇ ಅಲ್ವಾ?"

"ಮತ್ತೆ ಮುನ್ನೀ ಯಾರು?"

ಪಾಷಾ ಉಳಿ ಕೆಳಗಿಟ್ಟು ನಕ್ಕರು. "ಖಾಲಾ ಅಂದ್ರೆ ಚಿಕ್ಕಮ್ಮ ಕಣಪ್ಪಾ. ಅವರಿಗೂ ಒಂದು ಹೆಸರು ಬೇಡ್ವಾ?"

ಯೋಗಾನಂದ ಗಲ್ಲಿಯ ತುದಿಯವರೆಗೆ ಓಡಿದ. ಖಾಲಾ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಖಾಲಾ, ಇವತ್ತು ಸ್ವಿಚ್ಚೇ ಹಾಕಿಲ್ವಲ್ಲ!"

"ನಿನ್ನೆ ನೀನೇ ಅಂದ್ಯಲ್ಲ ಬೇಟಾ, ನನ್ನ ಕೇಳ್ದೆ ಯಾವ್ ಸ್ವಿಚ್ಚೂ ಮುಟ್ಬೇಡಿ ಅಂತ? ಎಂಟಕ್ಕೇ ಬಂದು ಗುಡಿಸ್ದೆ. ಕೇಳಾನ ಅಂದ್ರೆ ನೀನಿರ್ಲಿಲ್ಲ."

ಅವನ ಕಿವಿ ಕೆಂಪಾಯಿತು. ಏದುಸಿರು ಬಿಡುತ್ತಿದ್ದವನಿಗೆ ಖಾಲಾ ಮೊದಲು ಒಂದು ಲೋಟ ಮಜ್ಜಿಗೆ ಕೊಟ್ಟರು. ಆಮೇಲೆ ಬೀಗದ ಕೈ ಹುಡುಕಿದರು.

ಖಾಲಾ ಜೊತೆಗೇ ಬಂದು ಸ್ವಿಚ್ ಹಾಕಿದರು. ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಆ್ಯಪ್ ಸಿದ್ಧವಾಯಿತು.

"ಖಾಯಂ!" ಎಂದ ಮೇಡಂ, ಆದದ್ದನ್ನೆಲ್ಲ ಕೇಳಿ ಖಾಲಾರತ್ತ ತಿರುಗಿದರು. "ಇನ್ಮೇಲೆ ನೀವೇ ಹಾಕ್ಬಿಡಿ ಖಾಲಾ."

"ಊಹೂಂ. ಹುಡುಗನ ಮಾತು ಮೀರಲ್ಲ. ಕೇಳೇ ಹಾಕೋದು."

ಮೇಡಂ ಕೀಲಿಮಣೆ ಎಳೆದುಕೊಂಡರು. ಪಟ್ಟಿಯಲ್ಲಿ ಮುನ್ನೀಯ ಕೆಳಗೆ ಹೊಸ ಸಾಲೊಂದು ಹುಟ್ಟಿತು: "ಯೋಗಾನಂದ, ದಿನಾ ಬೆಳಿಗ್ಗೆ ಎಂಟಕ್ಕೆ."

ಮಾಗಡಿಯಿಂದ ಎರಡು ಬಸ್ಸು ಬದಲಿಸಿ ಬರುವ ಯೋಗಾನಂದ ಬೆರಳು ಮಡಿಸಿ ಲೆಕ್ಕ ಹಾಕಿದ. ಐದಕ್ಕೆ ಏಳಬೇಕು. ಖಾಲಾ ಅವನ ಬೆನ್ನು ಸವರಿದರು.

"ಚಿಂತೆ ಮಾಡ್ಬೇಡ ಬೇಟಾ. ಟೀ ನಾನ್ ಮಾಡಿಟ್ಟಿರ್ತೀನಿ."